ಬದಲಾಪುರದ ಬಾಗಿಲು

ಮುಚ್ಚಿದೊಡನೆ ತಾನಾಗಿಯೇ ಬೀಗ ಬೀಳುವ ಬಾಗಿಲು ಆಗಿನ್ನೂ ಜತ್ತಿನ ಹತ್ತಿರದ ನಮ್ಮೂರು ಸನಮಡಿಯ ಕಡೆ ಬಂದಿರಲಿಲ್ಲ. ಒಳಗೊಂದು ಅಗಳಿ, ಹೊರಗೊಂದು ಸರಪಳಿ, ನಮ್ಮ ಬಾಗಿಲಿಗೆ ಇದ್ದದ್ದು ಅಷ್ಟೇ. ಅದನ್ನೂ ಹಗಲಲ್ಲಿ ಯಾರೂ ಹಾಕುತ್ತಿರಲಿಲ್ಲ. ಮಜ್ಜಿಗೆ ಕೇಳಲು ಬಂದವರು ಸೀದಾ ಅಡುಗೆಮನೆಗೇ ಬರುತ್ತಿದ್ದರು, ಕೋಳಿಗಳಿಗೂ ಅದೇ ರೂಢಿಯಾಗಿತ್ತು. ಮನುಷ್ಯರು ಮುಚ್ಚಿದರೆ ಬಾಗಿಲು ಮುಚ್ಚುತ್ತದೆ, ತೆರೆದರೆ ತೆರೆಯುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಆ ನಂಬಿಕೆ ಬದಲಾಪುರದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಹೋಯಿತು. ಇವತ್ತಿಗೂ ಮನೆಯ ಬಾಗಿಲು ಗಾಳಿಗೆ ಬಡಿದರೆ ಕೈಯಲ್ಲಿದ್ದುದನ್ನು ಬಿಟ್ಟು ಮೊದಲು ಕೊರಳಿನ ಲಿಂಗ ಹಿಡಿದುಕೊಳ್ಳುತ್ತೇನೆ. ಆಮೇಲೆ ಒಲೆ ನೋಡುತ್ತೇನೆ.

ಆಗ ನಾನು ನಾಲ್ಕನೆಯ ಇಯತ್ತೆ ಮುಗಿಸಿದ್ದೆ. ಅವ್ವನ ತಂಗಿ ಶೈಲವ್ವ, ನನ್ನ ಚಿಗವ್ವ, ನಮ್ಮಲ್ಲಿ ಬಾಣಂತನ ಮುಗಿಸಿಕೊಂಡು ಗಂಡನಿದ್ದಲ್ಲಿಗೆ ಹೊರಟಿದ್ದಳು. ಕಾಕಾ ಮುಂಬಯಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆ ಮಾತ್ರ ಮುಂಬಯಿಯ ಆಚೆ, ಬದಲಾಪುರದಲ್ಲಿ. ಕೂಸಿನ ಹೆಸರು ಗಂಗೂ. ಆಗಷ್ಟೇ ಮಗುಚಿಕೊಳ್ಳುವುದನ್ನು ಕಲಿತಿತ್ತು. ಅದನ್ನು ಎತ್ತಿ ಆಡಿಸಲು ಒಬ್ಬರು ಬೇಕಿತ್ತು, ಸಾಲೆಗೆ ರಜೆ ಇತ್ತು, ನನ್ನನ್ನು ಕಳಿಸಿದರು.

ಹೊರಡುವ ದಿನ ಆಯಿ, ಅಂದರೆ ಅವ್ವನ ತಾಯಿ, ಎದುರಿಗೆ ಕೂರಿಸಿಕೊಂಡು ಹೇಳಿದಳು.

"ಅಲ್ಲಿ ನಮ್ಮವರು ಅಂತ ಯಾರೂ ಇರಂಗಿಲ್ಲ. ಖರೆ ನಮ್ಮ ರೀತಿ ಬಿಡಬ್ಯಾಡ. ಲಿಂಗಕ್ಕ ತೋರಿಸದ ಉಣಬ್ಯಾಡ. ಬಾಗಲಿಗಿ ಬಂದಾರಿಗಿ ಒಳಗ ನಿಂತು ನೀಡಬ್ಯಾಡ. ಹೊಸ್ತಲಾ ದಾಟಿ ಹೋಗಿ ನೀಡು."

"ಯಾಕ ಆಯಿ?"

"ಹೊಸ್ತಲಾ ನಡಕ ಇಟಗೊಂಡು ಕೊಟ್ಟರ ಅದು ಕೊಟ್ಟಂಗಲ್ಲ, ಒಗದಂಗ."

ಜತ್ತಿನಿಂದ ಬಸ್ಸಿನಲ್ಲಿ ಮಿರಜ, ಮಿರಜದಿಂದ ರೈಲಿನಲ್ಲಿ ಕಲ್ಯಾಣ. ಅಲ್ಲಿಂದ ಲೋಕಲ್ ಗಾಡಿ ಹಿಡಿದು ಬಂದ ಹಾದಿಯಲ್ಲೇ ಹಿಂದಕ್ಕೆ ಹೋಗಬೇಕು. ಆ ಲೋಕಲ್ಲಿನಲ್ಲಿ ಜನ ಎಷ್ಟಿದ್ದರೆಂದರೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಚಿಗವ್ವ ಒಂದು ಹೆಗಲಿಗೆ ಕೂಸನ್ನು ಒತ್ತಿಕೊಂಡು ಇನ್ನೊಂದು ಕೈಯಲ್ಲಿ ನನ್ನ ಜಡೆ ಹಿಡಿದುಕೊಂಡಿದ್ದಳು, ಎಮ್ಮೆಯ ಹಗ್ಗ ಹಿಡಿದ ಹಾಗೆ. ನೋವಾಗುತ್ತಿತ್ತು. ಆದರೆ ಬಿಟ್ಟರೆ ಏನು ಗತಿ ಎಂದು ನಾನೇ ತಲೆಯನ್ನು ಅವಳ ಕೈಯ ಕಡೆಗೆ ಒತ್ತಿ ನಿಂತಿದ್ದೆ.

ಇಳಿದ ಮೇಲೆ ನೋಡಿದರೆ ಊರು ಚಂದವಿತ್ತು. ಸ್ಟೇಶನ್ನಿನ ಹಿಂದೆಯೇ ಗುಡ್ಡಗಳ ಸಾಲು, ಸಣ್ಣ ಸಣ್ಣ ಬೀದಿಗಳ ಮೇಲೆ ಕೊಂಬೆ ಚಾಚಿದ ಮರಗಳು, ಹೆಂಚಿನ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಸ ಕಟ್ಟಡ. ಹೆಂಗಸರು ಎಲೆಯ ದೊನ್ನೆಗಳಲ್ಲಿ ನೇರಳೆಹಣ್ಣು ಮಾರುತ್ತಿದ್ದರು. ನಮ್ಮಲ್ಲಿ ಬೇಸಿಗೆ ಎಂದರೆ ಕಣ್ಣು ಹಾಯುವ ತನಕ ಕರಿ ನೆಲ, ಬಿರುಕು, ಬಿಸಿ ಗಾಳಿ. ಬೇಸಿಗೆಯಲ್ಲಿ ಇಷ್ಟು ಹಸಿರು ನೋಡಿ ಬೇರೆಯವರಿಗೆ ಖುಷಿಯಾಗುತ್ತಿತ್ತೋ ಏನೋ. ನನಗೆ ಬಂದ ಮೊದಲ ಯೋಚನೆ, ಇಲ್ಲಿ ಹಾವು ಎಷ್ಟಿರಬಹುದು ಎಂದು.

ಮನೆ ಎರಡನೆಯ ಮಾಳಿಗೆಯ ಮೇಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ. ನನ್ನ ಕಾಲಡಿ ಇನ್ನೊಂದು ಮನೆಯಿದೆ, ಅಲ್ಲಿ ಜನ ಉಣ್ಣುತ್ತಿದ್ದಾರೆ ಎಂಬ ವಿಚಾರಕ್ಕೇ ತಲೆ ತಿರುಗುತ್ತಿತ್ತು. ತುದಿಗಾಲಿನಲ್ಲಿ ನಡೆಯುತ್ತಿದ್ದೆ.

"ನೆಟ್ಟಗ ನಡಿಯವ್ವ," ಎನ್ನುತ್ತಿದ್ದಳು ಚಿಗವ್ವ. "ನೀ ಯಾರ ತಲಿ ಮ್ಯಾಲೂ ಬೀಳಂಗಿಲ್ಲ. ಬಿದ್ದರೂ ನಿನ್ನ ತೂಕಕ್ಕ ಅವರಿಗೇನೂ ಆಗಂಗಿಲ್ಲ."

ಗಾಡಿ ಹೋದಾಗಲೆಲ್ಲ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಎಲ್ಲಕ್ಕಿಂತ ಹೆಚ್ಚು ಅಂಜಿಕೆ ಗ್ಯಾಸಿನ ಒಲೆಯದು. ಊರಲ್ಲಿ ನಮ್ಮದು ಕಟ್ಟಿಗೆಯ ಒಲೆ. ಉರಿ ಆರಿದರೆ ಹೊಗೆ ಬರುತ್ತದೆ, ಮುಗಿಯಿತು. ಇಲ್ಲಿ ಕಾಕಾ ಮೊದಲ ದಿನವೇ ಹೇಳಿದ್ದರು: "ಉರಿ ಆರಿ ಗ್ಯಾಸ್ ಬಿಟ್ಟೇ ಇದ್ದರ, ವಾಸನಿ ಬರ್ತೈತಿ. ಅವಾಗ ಕಡ್ಡಿ ಕೊರಿಯಂಗಿಲ್ಲ, ದೀಪ ಇಡಂಗಿಲ್ಲ. ಮನಿನ ಹಾರಿ ಹೋಗ್ತೈತಿ." ಮನೆ ಹಾರುವುದನ್ನು ನಾನು ಹಕ್ಕಿಯ ಹಾಗೆ ಕಲ್ಪಿಸಿಕೊಂಡು ಎಷ್ಟೋ ಹೊತ್ತು ಮೇಲೆ ನೋಡುತ್ತ ಮಲಗಿದ್ದೆ.

ಇನ್ನೊಂದು ಅಂಜಿಕೆ ಎದುರು ಬಾಗಿಲಿನ ಮರಾಠಿ ಆಜಿಯದು. ಒಬ್ಬಳೇ ಇರುತ್ತಿದ್ದ ಮುದುಕಿ. ಅವಳ ಕೈಯಲ್ಲಿ ಯಾವಾಗಲೂ ಅವಳಿಗಿಂತ ಉದ್ದದ ಒಂದು ಕೋಲು, ತುದಿಯಲ್ಲಿ ಕವಲು. ಎತ್ತರದ ಹಗ್ಗದ ಮೇಲೆ ಬಟ್ಟೆ ಏರಿಸಲು ಅಲ್ಲಿ ಮನೆಮನೆಯಲ್ಲೂ ಅಂಥದೊಂದು ಇರುತ್ತದೆ ಎಂದು ನನಗೇನು ಗೊತ್ತು? ಹುಡುಗರನ್ನು ಹೊಡೆಯಲು ಇಟ್ಟುಕೊಂಡಿದ್ದಾಳೆ ಎಂದೇ ತಿಳಿದಿದ್ದೆ. ನಾನು ಕಂಡರೆ ಸಾಕು, "ಏ ಪೋರಿ, ಪಳೂ ನಕೋ," ಓಡಬೇಡ, ಎಂದು ಗದರುತ್ತಿದ್ದಳು. ಮರಾಠಿ ನನಗೆ ತಿಳಿಯುತ್ತಿತ್ತು, ನಮ್ಮದು ಗಡಿಯ ಊರು, ಪೇಟೆಯ ಮಾತೆಲ್ಲ ಅದರಲ್ಲೇ. ಆದರೆ ಅವಳೆದುರು ನನಗೆ ಕನ್ನಡವೂ ಬರುತ್ತಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆಯಿಂದ ನನಗೆ ಊರಿನ ನೆನಪಾಗಿ ಅಳು ನಿಲ್ಲಲಿಲ್ಲ. ಕಾಕಾ ಕೆಲಸಕ್ಕೆ ಹೋಗಿದ್ದರು. ಚಿಗವ್ವ ದೇವರಿಗೆ ದೀಪ ಹಚ್ಚಿ, ಒಗ್ಗರಣೆಯ ಘಾಟಿಗೆ ಅಡುಗೆಮನೆಯ ಕಿಟಕಿ ತೆರೆದಳು. ಆ ಕಿಟಕಿ ಹೊರಗಿನ ಓಡಾಡುವ ವರಾಂಡಕ್ಕೆ ಇತ್ತು, ಕಬ್ಬಿಣದ ಸರಳು ಹಾಕಿದ್ದು. ಧೂಳು ಬರುತ್ತದೆಂದು ಅದನ್ನು ಮುಚ್ಚಿಯೇ ಇಡುತ್ತಿದ್ದಳು.

"ಅಳಬ್ಯಾಡ ಸುಮ್ಮೀ. ಸ್ಟೇಶನ್ನಿಗಿ ಹೋಗಿ ನೇರಳಹಣ್ಣ ತರ್ತೀನಿ. ಈಗ ಹೋಗಿ ಈಗ ಬಂದೆ. ಕೂಸು ಮಲಗೈತಿ. ಹಾಲು ಸಣ್ಣ ಉರಿ ಮ್ಯಾಲ ಐತಿ, ಉಕ್ಕು ಬಂತಂದ್ರ ಒಲಿ ಆರಸಾಕ ಈ ಕಿವಿ ಹಿಂಗ ಹೊಳ್ಳಿಸು."

"ಯಾರರೆ ಬಂದ್ರ?"

"ಇಲ್ಲಿ ಯಾರು ಬರ್ತಾರ ತಗೋ," ಎಂದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ನಾನು ಹಾಲಿನ ಮುಂದೆ ನಿಂತೆ. ಕೋಣೆಯಲ್ಲಿ ಸೀರೆಯ ಜೋಳಿಗೆಯ ತೊಟ್ಟಿಲಲ್ಲಿ ಗಂಗೂ, ಅದರಾಚೆ ಗೋಡೆಯ ಗೂಡಿನಲ್ಲಿ ದೇವರ ಮುಂದಿನ ದೀಪ. ಎಲ್ಲವೂ ತಣ್ಣಗಿತ್ತು. ಅಷ್ಟರಲ್ಲಿ ಕೆಳಗೆ ಮೆಟ್ಟಿಲ ಬುಡದಲ್ಲಿ ಚೌಡಿಕೆಯ ತಂತಿ ಟುಂಯ್ ಟುಂಯ್ ಎಂದಿತು. ಹಿಂದೆಯೇ ಒಂದು ದನಿ: "ಉಧೋ ಉಧೋ."

ಊರಿನ ಶುಕ್ರವಾರವೇ ಮೆಟ್ಟಿಲು ಹತ್ತಿ ಬಂದ ಹಾಗಾಯಿತು. ಎಲ್ಲವ್ವನ ಹೆಸರಿನಲ್ಲಿ ಜೋಗ ಬೇಡುವ ಜೋಗವ್ವ ನಮ್ಮ ಓಣಿಗೆ ಬಂದಾಗ ಆಯಿ ಒಮ್ಮೆಯೂ ಬರಿಗೈಲಿ ಕಳಿಸಿದವಳಲ್ಲ. ಊರಿಂದ ತಂದ ಜೋಳದ ಹಿಟ್ಟಿನ ಚೀಲ ಬಿಚ್ಚಿ ಒಂದು ಬಟ್ಟಲು ತುಂಬಿದೆ. ಬಾಗಿಲು ತೆರೆದೆ. ಎತ್ತರದ ಹೆಂಗಸು, ಹಣೆ ತುಂಬ ಭಂಡಾರದ ಅರಿಸಿನ, ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ದೇವಿಯ ಹಿತ್ತಾಳೆಯ ಮುಖ.

"ತಾಯಿ ಬಂದಾಳ, ನೀಡವ್ವ," ಎಂದಳು. ಕನ್ನಡದಲ್ಲೇ ಎಂದಳು.

ನಾನು ಹೊಸ್ತಿಲು ದಾಟಿ ಹೊರಗೆ ಬಂದು ಎರಡೂ ಕೈಯಲ್ಲಿ ಬಟ್ಟಲು ಚಾಚಿದೆ. ಮೆಟ್ಟಿಲ ಕಡೆಯಿಂದ ಗಾಳಿ ಬಂತು. ಬೆನ್ನ ಹಿಂದೆ ಟಪ್ ಎಂದಿತು. ದೊಡ್ಡ ಸದ್ದೇನಲ್ಲ. ತಿರುಗಿ ತಳ್ಳಿದೆ. ಇನ್ನೊಮ್ಮೆ ತಳ್ಳಿದೆ.

"ಬಾಗಲಾ ತೆರಿವಲ್ತು," ಎಂದೆ.

"ಒಳಗ ಯಾರದಾರ?"

"ಕೂಸು."

"ಮತ್ತ?"

"ಹಾಲು. ಒಲಿ ಮ್ಯಾಲ."

ಬಟ್ಟಲು ಕೈಬಿಟ್ಟು ಕಿಟಕಿಗೆ ಓಡಿದೆ. ಒಲೆ ಒಳಗಡೆಯ ಗೋಡೆಗಿತ್ತು, ಕೈ ಚಾಚಿದರೂ ಸಿಗದಷ್ಟು ದೂರ. ಹಾಲು ಏರುತ್ತಿತ್ತು. ಏರುವ ಹಾಲು ಇಷ್ಟು ನಿಧಾನ ಎಂದು ಅದುವರೆಗೆ ನೋಡಿರಲಿಲ್ಲ. ಅಂಚಿಗೆ ಬಂದು ಒಂದಿಷ್ಟು ಹೊತ್ತು ನಿಂತು, ಆಮೇಲೆ ಸುರಿಯಿತು. ಚುರ್ ಎಂದಿತು. ಉರಿ ಆರಿತು. ಆಮೇಲೆ ಬಂದ ಸದ್ದು ತೀರ ಸಣ್ಣದು, ಯಾರೋ ಹಲ್ಲಿನ ಸಂದಿಯಲ್ಲಿ ಉಸಿರು ಬಿಟ್ಟ ಹಾಗೆ. ವಾಸನೆ ಕಿಟಕಿಯ ತನಕ ಬಂತು.

"ದೇವರ ಮುಂದ ದೀಪ ಉರಿಯಾಕತ್ತೈತಿ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಆದರೆ ಜೋಗವ್ವನಿಗೆ ಕೇಳಿತು. ಅವಳು ಎದುರಿನ ಬಾಗಿಲನ್ನು ಅಂಗೈಯಿಂದ ಬಡಿದಳು. ಆಜಿ ತೆರೆದು, "ಕಾಯ ಝಾಲ ಗ?" ಎಂದಳು, ಏನಾಯಿತು ಎಂದು. ನಾನು ಕಿಟಕಿಯ ಕಡೆ ಬೆರಳು ತೋರಿಸಿದೆ. ಜೋಗವ್ವನೇ ಮರಾಠಿಯಲ್ಲಿ ಒಂದೇ ಉಸಿರಿಗೆ ಕೂಸು, ಗ್ಯಾಸು, ದೀಪ ಮೂರನ್ನೂ ಹೇಳಿದಳು. ಆಜಿ ಅಯ್ಯೋ ಎನ್ನಲಿಲ್ಲ. ಒಳಗೆ ಹೋಗಿ ಆ ಕೋಲು ತಂದಳು.

ಸರಳುಗಳ ನಡುವೆ ಕೋಲು ತೂರಿಸಿ ಕವಲನ್ನು ಒಲೆಯ ಕಿವಿಗೆ ಸಿಕ್ಕಿಸಲು ನೋಡಿದಳು. ವಯಸ್ಸಿನ ಕೈಗೆ ಅಷ್ಟು ಉದ್ದದ ಕೋಲು ನಿಲ್ಲಲಿಲ್ಲ. ಕವಲು ಜಾರಿ ಪಾತ್ರೆಗೆ ಬಡಿದು ಅದು ನೆಲಕ್ಕೆ ಬಿತ್ತು. ಆ ಸದ್ದಿಗೆ ಗಂಗೂ ಎದ್ದಳು. ಮೊದಲು ಒಂದು ಸಣ್ಣ ಕೂಗು, ಆಮೇಲೆ ಪೂರ್ತಿ ಅಳು. ಜೋಳಿಗೆ ಕಟ್ಟಿದ ಕೊಂಡಿ ಕಿರ್ ಕಿರ್ ಎನ್ನತೊಡಗಿತು. ಮಗುಚಿ ಹೊರಗೆ ಬಿದ್ದರೆ?

ಆಜಿ ಕೋಲನ್ನು ಜೋಗವ್ವನ ಕೈಗೆ ಕೊಟ್ಟು, ತಾನು ಮೆಟ್ಟಿಲ ಬಳಿ ಹೋಗಿ ಯಾರೂ ಕಡ್ಡಿ ಗೀರಬೇಡಿ, ಗಂಟೆ ಒತ್ತಬೇಡಿ ಎಂದು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗತೊಡಗಿದಳು. ಜೋಗವ್ವ ಎತ್ತರದವಳು. ಕಿಟಕಿಗೆ ಬಗ್ಗಬೇಕೆಂದರೆ ತಲೆಯ ಮೇಲಿನ ಬುಟ್ಟಿ ಇಳಿಸಬೇಕು. ಜೋಗಕ್ಕೆ ಹೊರಟ ದೇವಿಯನ್ನು ನೆಲಕ್ಕೆ ಇಡುವಂತಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಹಿಡಿ."

ನಾನು ಗೋಡೆಗೆ ಅಂಟಿ ನಿಂತೆ. ಜೋಗವ್ವನ ಬುಟ್ಟಿ ಮುಟ್ಟಿದ ಹುಡುಗಿ ಅವಳ ಹಿಂದೆಯೇ ಹೋಗಬೇಕಾಗುತ್ತದೆ, ಮತ್ತೆ ಮನೆಗೆ ಬರುವಂತಿಲ್ಲ, ಲಗ್ನವೂ ಇಲ್ಲ ಎಂದು ನಮ್ಮ ಓಣಿಯ ಹುಡುಗಿಯರಲ್ಲಿ ಮಾತಿತ್ತು. ನಾವು ಹಿಟ್ಟು ನೀಡುವಾಗ ಬೆರಳು ತಾಗದ ಹಾಗೆ ನೀಡುತ್ತಿದ್ದೆವು. ಬರೇ ಹುಡುಗಿಯರ ಮಾತಲ್ಲ ಅದು. ಹಾಗೆ ಹೋದವರನ್ನು ದೊಡ್ಡವರೂ ಕಂಡಿದ್ದರು, ದನಿ ತಗ್ಗಿಸಿ ಮಾತಾಡುತ್ತಿದ್ದರು.

ಜೋಗವ್ವ ನನ್ನ ಮುಖ ನೋಡಿದಳು. "ಮುಟ್ಟಿದರ ಬೆನ್ನ ಹತ್ತಿ ಬರಬೇಕಂತ ಹೇಳ್ಯಾರೇನು?"

ಹೌದೆಂದು ತಲೆ ಆಡಿಸಿದೆ.

"ಬುಟ್ಟಿಯಾಗಿನ ಇಕಿ ಆಣಿ ಮಾಡಿ ಹೇಳ್ತೀನಿ. ನಿನ್ನ ನಾ ಎಲ್ಲೂ ಒಯ್ಯಂಗಿಲ್ಲ. ಇಕಿನೂ ಒಯ್ಯಂಗಿಲ್ಲ. ಹಿಡಿ ನನ್ನವ್ವ, ಕೂಸು ಐತಿ."

ಒಳಗಿನಿಂದ ಗಂಗೂ ಬಿಕ್ಕಿದಳು. ನಾನು ಕಣ್ಣು ಮುಚ್ಚಿ ಕೈ ಚಾಚಿದೆ.

ಬುಟ್ಟಿ ನಾನೆಣಿಸಿದ್ದಕ್ಕಿಂತ ಭಾರವಿತ್ತು. ಭಂಡಾರ, ಬಾಡಿದ ಚೆಂಡುಹೂವು, ಬೇವು, ಎಲ್ಲದರ ಮೇಲೆ ಗ್ಯಾಸಿನ ವಾಸನೆ. ದೇವಿಯ ಹಿತ್ತಾಳೆಯ ಕಣ್ಣು ನನ್ನ ಗದ್ದಕ್ಕೆ ಒಂದು ಗೇಣು ದೂರದಲ್ಲಿತ್ತು. ಲಿಂಗ ಹಿಡಿದುಕೊಳ್ಳಲು ಕೈ ಖಾಲಿ ಇರಲಿಲ್ಲ. ಅದು ಎದೆಗೂ ಬುಟ್ಟಿಗೂ ನಡುವೆ ಒತ್ತುತ್ತಿತ್ತು, ಅದೊಂದೇ ಧೈರ್ಯ.

"ಕೂಸಿಗಿ ಮಾತಾಡಸು," ಎಂದಳು ಜೋಗವ್ವ ಬಗ್ಗುತ್ತ. "ನಿನ್ನ ದನಿ ಕೇಳಿ ಸುಮ್ಮಕ ಇರ್ತೈತಿ."

ಒಂದು ಜೋಗುಳವೂ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ನಮ್ಮ ಮನೆಯ ದನಗಳ ಹೆಸರು. "ಗಂಗೂ, ನಾ ಇಲ್ಲೇ ಅದೀನಿ. ನಮ್ಮ ಕರೆಮ್ಮಿ ಅದಾಳ, ಬೆಳ್ಳಿ ಅದಾಳ, ಮುರಗೋಡಿನವಳು ಅದಾಳ, ಆಕಿ ಕರಾ ಅದಾಳ, ನೀ ಅಳಬ್ಯಾಡ." ಮತ್ತೆ ಮೊದಲಿಂದ ಹೇಳಿದೆ. ಒಳಗಿನ ಅಳು ಕಿವಿಗೊಟ್ಟ ಹಾಗೆ ತಗ್ಗಿತು, ಮತ್ತೆ ಏರಿತು, ತಗ್ಗಿತು. ಜೋಗವ್ವ ಸರಳಿಗೆ ಕೆನ್ನೆ ಒತ್ತಿ ಕೋಲು ಚಾಚಿದ್ದಳು. ಕವಲು ಕಿವಿಗೆ ಸಿಕ್ಕಿತು, ಜಾರಿತು, ಸಿಕ್ಕಿತು. ಅವಳು ಉಸಿರು ಹಿಡಿದು ಹೊರಳಿಸಿದಳು.

ಆ ಸಣ್ಣ ಸದ್ದು ನಿಂತಿತು.

ವಾಸನೆ ಮಾತ್ರ ಹೋಗಿರಲಿಲ್ಲ, ದೀಪವೂ ಆರಿರಲಿಲ್ಲ. ಆಜಿ ಒಂದು ಮೊರ ತಂದು ಕಿಟಕಿಗೆ ಬೀಸತೊಡಗಿದಳು. ಆಗಲೇ ಚಿಗವ್ವ ಮೆಟ್ಟಿಲು ಹತ್ತಿ ಬಂದದ್ದು. ಎರಡು ಮನೆಯ ಬಾಗಿಲಿನ ನಡುವೆ ಜನ, ನೆಲದ ಮೇಲೆ ಹಿಟ್ಟು, ನನ್ನ ತೋಳಲ್ಲಿ ಎಲ್ಲವ್ವ. ಅವಳ ಕೈಯ ದೊನ್ನೆ ಬಿತ್ತು. ನೇರಳೆಹಣ್ಣು ಮೆಟ್ಟಿಲು ಮೆಟ್ಟಿಲು ಇಳಿದು ಹೋದವು.

"ಕೂಸು," ಎಂದಳು, ಅಷ್ಟೇ.

ಬೀಗ ತೆಗೆದವಳೇ ಒಳಗೆ ನುಗ್ಗಿ ದೇವರ ದೀಪವನ್ನು ಬಾಯಿಂದ ಊದಿ ಆರಿಸಿದಳು. ನಮ್ಮಲ್ಲಿ ದೀಪವನ್ನು ಯಾರೂ ಊದುವುದಿಲ್ಲ. ನಾನು ಕಂಡದ್ದು ಅದೊಂದೇ ಸಲ, ಶಿವ ಅದನ್ನು ಲೆಕ್ಕಕ್ಕೆ ಹಿಡಿದಿರಲಾರ. ಗಂಗೂಳ ಅರ್ಧ ಮೈ ಜೋಳಿಗೆಯ ಹೊರಗೆ ಜೋಲುತ್ತಿತ್ತು. ಒಂದು ಕಾಲು ಸೀರೆಯ ಮಡಿಕೆಗೆ ಸಿಕ್ಕಿ ಹಾಕಿಕೊಂಡಿತ್ತು, ಅದಕ್ಕೇ ಬಿದ್ದಿರಲಿಲ್ಲ. ಚಿಗವ್ವ ಅವಳನ್ನು ಎತ್ತಿಕೊಂಡು ವರಾಂಡಕ್ಕೆ ಬಂದು ನೆಲದ ಮೇಲೇ ಕುಳಿತುಬಿಟ್ಟಳು.

"ಹೊರಗ ಯಾಕ ಹ್ವಾದಿ?" ಎಂದಳು.

"ನೀಡಾಕ."

"ಒಳಗ ನಿಂತು ನೀಡಬೇಕಿಲ್ಲೇನು?"

"ಆಯಿ ಬ್ಯಾಡ ಅಂದಾಳ."

ಚಿಗವ್ವ ಸೆರಗಿನಿಂದ ಕೂಸಿನ ಮುಖ ಒರೆಸಿದಳು. ಅವಳೂ ಆಯಿಯ ಮಗಳೇ ತಾನೆ.

ಜೋಗವ್ವ ಬುಟ್ಟಿಗೆ ಕೈ ಚಾಚಿದಳು. ನನ್ನ ತೋಳು ಬಿಚ್ಚಿಕೊಳ್ಳಲಿಲ್ಲ, ಮರದಂತಾಗಿತ್ತು.

"ಈಗ ಕೊಡ್ತಿಯೋ, ಇಲ್ಲಾ ನೀನ ಇಕಿನ್ನ ಒಯ್ತಿಯೋ?" ಎಂದಳು.

ಆಜಿಗೆ ಕನ್ನಡ ತಿಳಿಯದಿದ್ದರೂ ಅವಳೇ ಮೊದಲು ನಕ್ಕಳು. ಎಲ್ಲರೂ ನಕ್ಕರು. ಆಗ ನನಗೆ ಅಳು ಬಂತು, ತಡೆಯಲಾರದ ಅಳು.

ಚಿಗವ್ವ ಜೋಗವ್ವನಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಉಡಿ ತುಂಬಿದಳು. ಅವಳು ಅದನ್ನೆಲ್ಲ ತೆಗೆದುಕೊಂಡ ಮೇಲೆ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ಬಗ್ಗಿ, ನೆಲಕ್ಕೆ ಚೆಲ್ಲಿದ ಹಿಟ್ಟಿನ ಮೇಲ್ಪದರವನ್ನು ಅಂಗೈಯಿಂದ ಮೆಲ್ಲಗೆ ಬಳಿದು ತನ್ನ ಹೆಗಲ ಜೋಳಿಗೆಗೆ ಹಾಕಿಕೊಂಡಳು. ಚಿಗವ್ವ ಬೇಡವೆಂದಳು, ಒಳಗಿನಿಂದ ಬೇರೆ ತರುತ್ತೇನೆಂದಳು.

"ಹುಡುಗಿ ದಾಟಿ ಬಂದು ಕೊಟ್ಟದ್ದು," ಎಂದಳು ಜೋಗವ್ವ. "ಬಿಡಾಕ ಬರಂಗಿಲ್ಲ."

ಆಜಿ ಮೆಟ್ಟಿಲ ಮೇಲಿನ ನೇರಳೆಹಣ್ಣು ಆರಿಸಿ ತೊಳೆದು ತಂದಳು. ನಾವು ನಾಲ್ವರೂ ಮೆಟ್ಟಿಲ ಮೇಲೆ ಕುಳಿತು ತಿಂದೆವು. ಜೋಗವ್ವ ತನ್ನ ನೀಲಿ ನಾಲಿಗೆಯನ್ನು ನನಗೆ ತೋರಿಸಿದಳು, ನಾನೂ ತೋರಿಸಿದೆ. ಆಮೇಲೆ ಅವಳು ಬುಟ್ಟಿ ತಲೆಗೇರಿಸಿಕೊಂಡು ಮೇಲಿನ ಮಾಳಿಗೆಗೆ ಹೋದಳು. ಹೆಸರು ನಾವು ಕೇಳಲಿಲ್ಲ. ನಾನು ಊರಿಗೆ ಮರಳುವ ತನಕ ಪ್ರತಿ ಶುಕ್ರವಾರ ಕಿವಿ ನಿಮಿರಿಸಿ ಕೂರುತ್ತಿದ್ದೆ, ಅವಳು ಮತ್ತೆ ಬರಲಿಲ್ಲ. ಚಿಗವ್ವ ಖಾರ ಕುಟ್ಟುವ ಗುಂಡುಕಲ್ಲನ್ನು ಹಗಲೆಲ್ಲ ಬಾಗಿಲಿಗೆ ಒತ್ತಿ ಇಡತೊಡಗಿದಳು. ಕಾಕಾ ನಗುತ್ತಿದ್ದರು, ಆದರೆ ಕೆಲಸಕ್ಕೆ ಹೋಗುವಾಗ ಕಲ್ಲು ಸರಿಯಾಗಿದೆಯೇ ಎಂದು ಕಾಲಿಂದ ಒತ್ತಿ ನೋಡಿಯೇ ಹೋಗುತ್ತಿದ್ದರು.

ಈಗ ಲಗ್ನವಾಗಿ ಬಂದ ಕುಣಿಕೋಣೂರಿನ ನನ್ನ ಮನೆಯಲ್ಲಿ ಕುಳಿತು ಆ ದಿನ ದೇವರು ಇಟ್ಟುಕೊಟ್ಟದ್ದನ್ನೆಲ್ಲ ನೆನೆಯುತ್ತೇನೆ. ಒಗ್ಗರಣೆ ಘಾಟಾಗಿ ಕಿಟಕಿ ತೆರೆದಿತ್ತು. ಆಜಿ ಮನೆಯಲ್ಲೇ ಇದ್ದಳು. ಕೋಲಿಗೆ ಕವಲಿತ್ತು. ಸೀರೆ ಹಳೆಯದಾಗಿ ಮಡಿಕೆ ಸಡಿಲವಿತ್ತು, ಕಾಲು ಸಿಕ್ಕಿತು. ಜೋಗವ್ವನಿಗಾಗಿ ನಾನು ಹೊರಗೆ ಬಂದದ್ದು ನಿಜ, ಅವಳೇ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಪೂಜೆಗೆ ಕೂರುತ್ತೇನೆ.

ಗಂಗೂ ಈಗ ಎರಡು ಮಕ್ಕಳ ತಾಯಿ. ಅದೇ ಬದಲಾಪುರದಲ್ಲಿ ಎತ್ತರದ ಕಟ್ಟಡದಲ್ಲಿದ್ದಾಳೆ. ಹೋದ ಬೇಸಿಗೆಯಲ್ಲಿ ಕರೆದಳೆಂದು ಹೋಗಿದ್ದೆ. ಗುಡ್ಡ ನೋಡಬೇಕೆಂದರೆ ಈಗ ಎರಡು ಕಟ್ಟಡಗಳ ಸಂದಿ ಹುಡುಕಬೇಕು. ಅಡುಗೆಮನೆಯ ಕಿಟಕಿಗೆ ಸರಳಿಲ್ಲ, ಪೂರ್ತಿ ಗಾಜು. ಎದುರು ಮನೆಯವರ ಹೆಸರು ಕೇಳಿದರೆ ಗಂಗೂ ಬಾಗಿಲ ಮೇಲಿನ ಹಲಗೆ ನೋಡಿ ಹೇಳಿದಳು.

ಶುಕ್ರವಾರ ಬೆಳಿಗ್ಗೆ ನಾನು ಸುಮ್ಮನೆ ಕಿವಿಗೊಟ್ಟು ಕುಳಿತದ್ದು ಕಂಡು, "ಏನ ಕೇಳಾಕತ್ತಿ ಅಕ್ಕಾ?" ಎಂದಳು.

"ಜೋಗವ್ವಗೋಳು ಬರಂಗಿಲ್ಲೇನು?"

"ವಾಚಮನ್ ಗೇಟಿನಾಗ ನಿಂದರಸ್ತಾನ. ಒಳಗ ಯಾರನ್ನೂ ಬಿಡಂಗಿಲ್ಲ."

"ಬಾಗಲಿಗಿ ತಾನ ಕೀಲಿ ಬಿತ್ತಂದ್ರ ಏನ ಮಾಡ್ತೀರಿ?"

"ಫೋನ ಮಾಡಿದ್ರ ಕೀಲಿಯವ ಬರ್ತಾನ. ಉರಿ ಆರಿದ್ರ ಒಲಿನ ಗ್ಯಾಸ್ ಬಂದ್ ಮಾಡ್ಕೋತೈತಿ. ಅಂಜಬ್ಯಾಡ."

ಅವಳು ಹೇಳಿದ್ದು ಸರಿಯೇ. ಅಂಥ ಒಲೆ ಬಂದದ್ದೂ ಶಿವನ ದಯೆಯೇ. ಆದರೂ ಊರಿಂದ ಒಯ್ದಿದ್ದ ಜೋಳದ ಹಿಟ್ಟು ಒಂದು ಬಟ್ಟಲು ತುಂಬಿಕೊಂಡು ಹೊರಟೆ. ದಾಟೋಣವೆಂದರೆ ಅವಳ ಮನೆಗೆ ಹೊಸ್ತಿಲೇ ಇಲ್ಲ. ಒಳಗಿನ ಫರಸಿ ನೆಲವೇ ನುಣ್ಣಗೆ ಲಿಫ್ಟಿನ ತನಕ ಹೋಗುತ್ತದೆ. ಕೆಳಗಿಳಿದು ಗೇಟಿನ ಹೊರಗೆ ನಿಂತೆ. ಯಾರಿಗೆ ಎಂದು ವಾಚಮನ್ ಮರಾಠಿಯಲ್ಲಿ ಕೇಳಿದ. ಯಾರಾದರೂ ಬಂದರೆ ಎಂದೆ. ಅವನು ಕುರ್ಚಿ ಕೊಟ್ಟ, ಪಾಪ. ಬಿಸಿಲು ಏರುವ ತನಕ ಕುಳಿತೆ. ಯಾರೂ ಬರಲಿಲ್ಲ.

ಬಟ್ಟಲು ಹಿಡಿದು ಮೇಲೆ ಬಂದಾಗ ಗಂಗೂ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು.

"ಅಕ್ಕಾ, ಬಾಗಲಾ ಮುಚ್ಚವಲ್ತು ಅಂತ ನೋಡಿದ್ರ, ಸಂದಿನಾಗ ನಿನ್ನ ಚಪ್ಪಲಿ ಸಿಕ್ಕಾವ."

ಕಾಲು ನೋಡಿಕೊಂಡೆ. ಗೇಟಿನ ತನಕ ಬರಿಗಾಲಲ್ಲೇ ಹೋಗಿ ಬಂದಿದ್ದೆ.